ಮನೆಗೊಂದು ವಿಡಿಯೊ ಕ್ಯಾಮೆರಾ: ಮೊದಲು ಹೇಳಿ, ನೀವು ಕೂರುವುದು ಎಷ್ಟನೇ ಸಾಲಿನಲ್ಲಿ?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ, ನೃತ್ಯ ಕಲಿಯುತ್ತಿದ್ದಾಳೆ. ವರ್ಷಕ್ಕೆ ಮೂರು ನಾಲ್ಕು ಸಲ ವೇದಿಕೆ ಹತ್ತುತ್ತಾಳೆ, ನಮಗೆ ಸಿಗುವುದು ಮಾತ್ರ ಯಾವಾಗಲೂ ಹಿಂದಿನ ಸಾಲು. ಹೋದ ಸಲ ಫೋನಿನಲ್ಲಿ ತೆಗೆದದ್ದನ್ನು ಟಿವಿಗೆ ಹಾಕಿದಾಗ, ನಮ್ಮವಳು ಯಾರು ಅಂತ ಎದ್ದು ಹೋಗಿ ಬೆರಳಿಟ್ಟು ತೋರಿಸಬೇಕಾಯಿತು. ಜೂಮ್ ಮಾಡಿದ ಕಡೆಯಲ್ಲೆಲ್ಲ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಸುತ್ತಲಿನ ಕತ್ತಲಲ್ಲಿ ಬಣ್ಣಬಣ್ಣದ ಚುಕ್ಕೆಗಳ ಕುಣಿತ. ಮನೆಯಲ್ಲಿ 84 ವರ್ಷದ ಅತ್ತೆ ಇದ್ದಾರೆ. ಅವರು ಹೇಳುವ ಹಳೆಯ ಕತೆಗಳನ್ನೂ ತೆಗೆದಿಡಬೇಕೆಂಬ ಆಸೆ. ಅದನ್ನೂ ಮಾಡಿ ನೋಡಿದೆ, ಅವರ ದನಿಗಿಂತ ಫ್ಯಾನಿನ ಸದ್ದೇ ಜೋರು. ಆನ್‌ಲೈನಿನಲ್ಲಿ "4ಕೆ, 48 ಮೆಗಾಪಿಕ್ಸೆಲ್, 18 ಪಟ್ಟು ಜೂಮ್" ಎನ್ನುವ ಕ್ಯಾಮ್‌ಕಾರ್ಡರ್ ಬಹಳ ಅಗ್ಗಕ್ಕೆ ಕಾಣುತ್ತಿದೆ. ಭಾವ "ತಗೊಂಡ್ರೆ ಮಿರರ್‌ಲೆಸ್ಸೇ ತಗೋ" ಅನ್ನುತ್ತಾರೆ. ಯಜಮಾನರು "ಫೋನ್ ಇರುವಾಗ ಇನ್ನೊಂದು ಯಾಕೆ" ಅನ್ನುತ್ತಾರೆ. ಅಪರ್ಚರು, ಐಎಸ್‌ಒ ಇವೆಲ್ಲ ನನಗೆ ತಿಳಿಯದು, ಕಲಿಯುವ ಪುರುಸೊತ್ತೂ ಇಲ್ಲ. ಒಂದೇ ಸಲ ಕೊಳ್ಳುವುದು, ಹತ್ತು ವರ್ಷ ಬಾಳಬೇಕು. ಯಾವುದು ತೆಗೆದುಕೊಳ್ಳಲಿ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಎರಡು. ದೂರದ ವೇದಿಕೆಯಲ್ಲಿ ಕುಣಿಯುವ ಮಗಳದು ಒಂದು, ಕೈಗೆಟುಕುವಷ್ಟು ಹತ್ತಿರ ಕೂತು ಮಾತಾಡುವ ಅತ್ತೆಯವರದು ಇನ್ನೊಂದು. ಮಗಳಿಗೆ ಬೇಕಾದ್ದು ದೂರವನ್ನು ಹತ್ತಿರ ತರುವ ಲೆನ್ಸು. ಅತ್ತೆಯವರಿಗೆ ಬೇಕಾದ್ದು ಮೈಕು. ಜಾಹೀರಾತು, ಭಾವ, ಯಜಮಾನರು ಈ ಮೂವರೂ ಎರಡನ್ನೂ ಒಂದೇ ಎಂದುಕೊಂಡು ಮೂರು ಉತ್ತರ ಕೊಟ್ಟಿದ್ದಾರೆ. ನಿಮಗೆ ತಲೆ ಚಿಟ್ಟು ಹಿಡಿದಿರುವುದು ಅದಕ್ಕೇ.

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೆಗಲ ಮೇಲೆ ಕ್ಯಾಮೆರಾ ಹೊತ್ತವನು. ಈಗ ನನ್ನ ಹೆಚ್ಚಿನ ಹೊತ್ತು ಕಳೆಯುವುದು ಜನ ತಂದುಕೊಡುವ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದರಲ್ಲಿ. ಹಾಗಾಗಿ ಮನೆಯವರು ತೆಗೆದ ವಿಡಿಯೊ ಎಲ್ಲಿ ಕೈಕೊಡುತ್ತದೆ, ಇಪ್ಪತ್ತು ವರ್ಷದ ಮೇಲೆ ಅದರಲ್ಲಿ ಜನ ಏನನ್ನು ಹುಡುಕುತ್ತಾರೆ ಎನ್ನುವುದು ಕಣ್ಣಾರೆ ಕಂಡದ್ದು. ಕೆಳಗಿನ ಮಾತು ಅಲ್ಲಿಂದ ಬಂದದ್ದು.

ಮಗಳು ಹೆಬ್ಬೆರಳಷ್ಟಾದದ್ದು ಹೇಗೆ

ಒಂದು ಸಣ್ಣ ಲೆಕ್ಕ ಮಾಡೋಣ. ನೀವು ವೇದಿಕೆಯಿಂದ 20 ಮೀಟರ್ ದೂರದಲ್ಲಿ ಕೂತಿದ್ದೀರಿ, ಮಗಳ ಎತ್ತರ 120 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಅಗಲ ನೋಟದ್ದು, ಫೋಟೊದವರ ಭಾಷೆಯಲ್ಲಿ 24 ಮಿಲಿಮೀಟರಿನ ಆಸುಪಾಸು. ಅಷ್ಟು ದೂರದಲ್ಲಿ ಆ ಲೆನ್ಸಿನ ಚೌಕಟ್ಟಿನೊಳಗೆ ಹಿಡಿಯುವ ಜಾಗ 30 ಮೀಟರ್ ಅಗಲ, ಸುಮಾರು 17 ಮೀಟರ್ ಎತ್ತರ. ಅದರಲ್ಲಿ ನಿಮ್ಮ ಮಗಳ ಪಾಲು ನೂರಕ್ಕೆ ಏಳು. 55 ಇಂಚಿನ ಟಿವಿಯ ಪರದೆ 68 ಸೆಂಟಿಮೀಟರ್ ಎತ್ತರ ಇರುತ್ತದೆ. ಅಲ್ಲಿ ಅವಳು ಐದು ಸೆಂಟಿಮೀಟರಿಗೂ ಒಂದು ಕೂದಲು ಕಮ್ಮಿ. ನೀವು ಬೆರಳಿಟ್ಟು ತೋರಿಸಿದಿರಲ್ಲ, ಆ ಬೆರಳಿನಷ್ಟೇ.

ಈಗ ಅದೇ ಫೋನಿನಲ್ಲಿ ಫುಲ್ ಎಚ್‌ಡಿ ಬದಲು 4ಕೆ ಹಾಕಿ ತೆಗೆದಿದ್ದರೆ? ಆಗಲೂ ಐದೇ ಸೆಂಟಿಮೀಟರ್. 1920 × 1080 ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ, ಜಾಗದಲ್ಲಿ 3840 × 2160 ಚುಕ್ಕೆ ಬರುತ್ತವೆ, ಅಂದರೆ ನಾಲ್ಕು ಪಟ್ಟು. ಆದರೆ ಚುಕ್ಕೆ ಹೆಚ್ಚಾದ ಮಾತ್ರಕ್ಕೆ ಮಗಳು ದೊಡ್ಡದಾಗುವುದಿಲ್ಲ. 4ಕೆಯಿಂದ ಎಲ್ಲವೂ ಸ್ಪಷ್ಟವಾಗುತ್ತದೆ ಎನ್ನುವ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಜನ ಮೊದಲು ಕೇಳುವುದೇ ಅದನ್ನು. ಮನುಷ್ಯನ ಕಣ್ಣಿನ ಮಿತಿ ಇಟ್ಟುಕೊಂಡು ಲೆಕ್ಕ ಹಾಕಿದರೆ, 55 ಇಂಚಿನ ಟಿವಿಯನ್ನು ಏಳು ಅಡಿಗಿಂತ ಹಿಂದೆ ಕೂತು ನೋಡುವವರಿಗೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣುವುದೇ ಕಷ್ಟ. 4ಕೆ ಬೇಡ ಅಂತಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಚೌಕಟ್ಟನ್ನು ಸ್ವಲ್ಪ ಬಿಗಿ ಮಾಡಿಕೊಳ್ಳಲು ಅವಕಾಶ ಸಿಗುತ್ತದೆ, ಅದೊಂದು ಉಪಯೋಗ ನಿಜ. ಆದರೆ ಅದನ್ನು ನೋಡಿ ಕ್ಯಾಮೆರಾ ಆರಿಸಬೇಡಿ.

ಮಗಳು ದೊಡ್ಡದಾಗಿ ಕಾಣಬೇಕಾದರೆ ಗಾಜು ಕೆಲಸ ಮಾಡಬೇಕು. ಅದೇ ಆಪ್ಟಿಕಲ್ ಜೂಮ್. ಆ ಜಾಗದಿಂದ ಹತ್ತು ಪಟ್ಟು ಜೂಮ್ ಸಿಕ್ಕಿದರೆ ನೂರಕ್ಕೆ ಏಳು ಇದ್ದದ್ದು ಎಪ್ಪತ್ತಾಗುತ್ತದೆ. ತಲೆಯಿಂದ ಕಾಲ್ಗೆಜ್ಜೆಯವರೆಗೆ ಪೂರ್ತಿ ಬಂದು ಮೇಲೆ ಕೆಳಗೆ ಒಂದಿಷ್ಟು ಜಾಗ ಉಳಿಯುತ್ತದೆ. ನಿಮಗೆ ಬೇಕಾದ ಜೂಮ್ ಅಷ್ಟೇ.

ಡಿಜಿಟಲ್ ಜೂಮ್ ಬೇರೆಯೇ ಸಂಗತಿ, ಅದು ಬಂದ ಚಿತ್ರವನ್ನೇ ಹಿಗ್ಗಿಸುವುದು. ಬಲೂನಿನ ಮೇಲೆ ಶಾಯಿಯಲ್ಲಿ ಹೆಸರು ಬರೆದು ಊದಿ ನೋಡಿ: ಅಕ್ಷರ ದೊಡ್ಡದಾಗುತ್ತದೆ, ಶಾಯಿ ಮಾತ್ರ ಮೊದಲಿನಷ್ಟೇ. ನಿಮ್ಮ ಫೋನು ಮಾಡಿದ್ದೂ ಅದನ್ನೇ. ಈಗಿನ ಕೆಲವು ಫೋನುಗಳಲ್ಲಿ ಮೂರು ಪಟ್ಟು, ಐದು ಪಟ್ಟು ಎಂದು ದೂರದ್ದಕ್ಕೇ ಮೀಸಲಾದ ಬೇರೆಯೇ ಟೆಲಿ ಲೆನ್ಸು ಇರುತ್ತದೆ. ಅಲ್ಲಿಯವರೆಗೆ ಅವು ನಿಜವಾದ ಜೂಮು, ಅದರಾಚೆಗೆ ಬಲೂನು. ಆ ಟೆಲಿ ಲೆನ್ಸಿನ ಹಿಂದಿರುವ ಸೆನ್ಸರು, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಮುಖ್ಯ ಕ್ಯಾಮೆರಾದ್ದಕ್ಕಿಂತ ಚಿಕ್ಕದಾಗಿರುವುದೇ ಹೆಚ್ಚು. ಬೆಳಕು ಸಾಲದಿದ್ದರೆ ಫೋನು ನಿಮಗೆ ಹೇಳದೆ ಕೇಳದೆ ಮುಖ್ಯ ಲೆನ್ಸಿಗೆ ಹಾರಿ ಅದನ್ನೇ ಹಿಗ್ಗಿಸಿ ತೋರಿಸುವುದೂ ಉಂಟು.

ಆ ಅಗ್ಗದ 18 ಪಟ್ಟು ಜೂಮಿನ ಕ್ಯಾಮ್‌ಕಾರ್ಡರ್ ಬಗ್ಗೆ: ಬೇಡ. ಇಷ್ಟು ಖಡಾಖಂಡಿತವಾಗಿ ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಆ ಬಗೆಯವು ನನ್ನ ಮೇಜಿಗೆ ಹಲವು ಬಂದಿವೆ. ಮಗುಚುವ ಪರದೆ, ಬದಿಗೆ ಕೈಪಟ್ಟಿ, ಮೇಲೊಂದು ಪುಟ್ಟ ಮೈಕು, ಹೊರಗಿನಿಂದ ಎಲ್ಲವೂ ಕ್ಯಾಮ್‌ಕಾರ್ಡರೇ. ಒಳಗಿರುವುದು ಹಳೆಯ ಫೋನಿನ ದರ್ಜೆಯ ಪುಟ್ಟ ಸೆನ್ಸರು, ಅದರ ಮುಂದೆ ಅಲುಗಾಡದ ಒಂದು ಲೆನ್ಸು. 18 ಪಟ್ಟು ಎಂದರೆ ಡಿಜಿಟಲ್. 48 ಮೆಗಾಪಿಕ್ಸೆಲ್ ಎಂದರೆ ಕಡಿಮೆ ಚುಕ್ಕೆಗಳನ್ನು ಲೆಕ್ಕದ ಮೇಲೆ ಹಿಗ್ಗಿಸಿದ್ದು. 4ಕೆ ಕೂಡ ಎಷ್ಟೋ ಸಲ ಹಾಗೇ ಹಿಗ್ಗಿಸಿದ ಮಾಲು. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರಲ್ಲ, ಇದು ಅದೇ. ಕಂಡುಹಿಡಿಯುವುದು ಸುಲಭ. ವಿವರದ ಪಟ್ಟಿಯಲ್ಲಿ "ಆಪ್ಟಿಕಲ್ ಜೂಮ್" ಎಂಬ ಸಾಲು ಇದೆಯೇ, ಸೆನ್ಸರಿನ ಅಳತೆ ಬರೆದಿದ್ದಾರೆಯೇ ನೋಡಿ. ಎರಡೂ ಇಲ್ಲದಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಕೈಗೆ ಸಿಕ್ಕಿದರೆ ಜೂಮ್ ಗುಂಡಿ ಒತ್ತುತ್ತಾ ಮುಂದಿನ ಗಾಜಿನೊಳಕ್ಕೆ ಇಣುಕಿ. ಒಳಗೆ ಏನೋ ಒಂದು ಹಿಂದೆ ಮುಂದೆ ಸರಿಯಬೇಕು. ಏನೂ ಸರಿಯದಿದ್ದರೆ ಅದು ಫೋನಿಗೆ ತೊಡಿಸಿದ ವೇಷ.

ಬಿಳಿಚಿದ ಮುಖಕ್ಕೆ ಕಾರಣ ಬೇರೆ

ಅದು ಫೋನಿನ ದೋಷವೂ ಅಲ್ಲ, ನಿಮ್ಮ ದೋಷವೂ ಅಲ್ಲ. ಕ್ಯಾಮೆರಾ ಇಡೀ ಚೌಕಟ್ಟಿನ ಸರಾಸರಿ ಬೆಳಕು ನೋಡಿ ನಿರ್ಧಾರ ಮಾಡುತ್ತದೆ. ವೇದಿಕೆಯ ಹಿಂದೆ ಕಪ್ಪು ಪರದೆ, ಸಭೆಯಲ್ಲಿ ಕತ್ತಲು, ನಡುವೆ ಒಂದು ಪುಟ್ಟ ಮುಖದ ಮೇಲೆ ಮಾತ್ರ ದೀಪ. "ಅಯ್ಯೋ, ಎಲ್ಲ ಕತ್ತಲಾಗಿದೆ" ಎಂದುಕೊಂಡು ಅದು ಎಲ್ಲವನ್ನೂ ಬೆಳಗಿಸುತ್ತದೆ. ಕತ್ತಲಿಗೆ ಬೆಳಕು ಬರುವುದಿಲ್ಲ, ನೀವು ಕಂಡ ಬಣ್ಣದ ಚುಕ್ಕೆ ಬರುತ್ತವೆ. ಮುಖಕ್ಕೆ ಮೊದಲೇ ಇದ್ದ ಬೆಳಕು ವಿಪರೀತವಾಗಿ ಸುಣ್ಣವಾಗುತ್ತದೆ.

ಇದಕ್ಕೆ ದುಡ್ಡು ಕೊಟ್ಟು ಪರಿಹಾರ ಕೊಳ್ಳಬೇಕಿಲ್ಲ. ಬಹುತೇಕ ಫೋನುಗಳಲ್ಲಿ ಪರದೆಯ ಮೇಲೆ ಮಗಳ ಮುಖವನ್ನು ಒಂದು ಕ್ಷಣ ಒತ್ತಿ ಹಿಡಿದರೆ ಫೋಕಸು, ಬೆಳಕು ಎರಡೂ ಅಲ್ಲೇ ಬೀಗ ಬೀಳುತ್ತವೆ. ಪಕ್ಕದಲ್ಲಿ ಸೂರ್ಯನ ಚಿತ್ರ ಬಂದರೆ ಬೆರಳಿನಿಂದ ಸ್ವಲ್ಪ ಕೆಳಕ್ಕೆ ಎಳೆಯಿರಿ. ಕೆನ್ನೆಯ ಬಣ್ಣ ಕಾಣುವವರೆಗೆ ಎಳೆದರೆ ಸಾಕು, ಹಿಂದಿನ ಪರದೆ ಕಪ್ಪಗೇ ಇರಲಿ. ಕೆಲವು ಕ್ಯಾಮ್‌ಕಾರ್ಡರ್‌ಗಳಲ್ಲಿ ಇದಕ್ಕೆಂದೇ ಸ್ಪಾಟ್‌ಲೈಟ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ ಮರೆತುಬಿಡಬಹುದು.

ಭಾವನವರ ಮಾತು ಎಷ್ಟು ಸರಿ

ಮಿರರ್‌ಲೆಸ್ ಎಂದರೆ ಲೆನ್ಸು ಬದಲಿಸಿಕೊಳ್ಳಬಹುದಾದ ಕ್ಯಾಮೆರಾ. ಅದರ ಚಿತ್ರ ಚೆನ್ನ, ಅದರಲ್ಲಿ ಎರಡು ಮಾತಿಲ್ಲ. ಹೆಚ್ಚು ಮಾರಾಟವಾಗುವ ದರ್ಜೆಯ ಸೆನ್ಸರು ಸುಮಾರು 23.5 × 15.6 ಮಿಲಿಮೀಟರ್. ಮನೆಬಳಕೆಯ ಕ್ಯಾಮ್‌ಕಾರ್ಡರಿನಲ್ಲಿ ಬಳಸುವ 1/2.5 ಇಂಚಿನ ಸೆನ್ಸರು ಅದರ ಪಕ್ಕದಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕದು, ವಿಸ್ತೀರ್ಣದಲ್ಲಿ ಹದಿನೈದರಲ್ಲಿ ಒಂದು ಪಾಲು. ಸೆನ್ಸರು ದೊಡ್ಡದಾದಷ್ಟೂ ಬೆಳಕು ಹೆಚ್ಚು ಬೀಳುತ್ತದೆ, ಕತ್ತಲಿನ ಆ ಬಣ್ಣದ ಚುಕ್ಕೆ ಕಡಿಮೆಯಾಗುತ್ತವೆ.

ಆದರೆ ಪೆಟ್ಟಿಗೆಯಲ್ಲಿ ಬರುವ ಲೆನ್ಸು ಸಾಮಾನ್ಯವಾಗಿ 16ರಿಂದ 50 ಮಿಲಿಮೀಟರಿನ ಆಸುಪಾಸಿನದು, ಮೂರು ಪಟ್ಟು ಜೂಮು. ಹಿಂದಿನ ಸಾಲಿನಿಂದ ನಿಮ್ಮ ಮಗಳು ನೂರಕ್ಕೆ ಏಳರಿಂದ ಇಪ್ಪತ್ತೆರಡಕ್ಕೆ ಬರುತ್ತಾಳೆ, ಅಷ್ಟೇ. ಹತ್ತಿರ ತರಬೇಕಾದರೆ 200 ಮಿಲಿಮೀಟರಿನವರೆಗೆ ಹೋಗುವ ಇನ್ನೊಂದು ಲೆನ್ಸು ಬೇಕು. ಕೈಗೆಟಕುವ ಬೆಲೆಯ ಅಂಥ ಲೆನ್ಸುಗಳು ತುದಿಯಲ್ಲಿ ಎಫ್ 6.3ಕ್ಕೆ ಇಳಿಯುತ್ತವೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ. ಎಫ್ 1.8ರ ಫೋನಿನ ಲೆನ್ಸಿಗೆ ಹೋಲಿಸಿದರೆ ಸೆನ್ಸರಿನ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಬೆಳಕು ಹನ್ನೆರಡರಲ್ಲಿ ಒಂದು ಪಾಲು. ದೊಡ್ಡ ಸೆನ್ಸರಿನಿಂದ ಗಳಿಸಿದ್ದನ್ನು ಲೆನ್ಸಿನಲ್ಲಿ ಕಳೆದ ಹಾಗಾಯಿತು. ಕಳೆಯದ ಹಾಗೆ ಮಾಡುವ ಲೆನ್ಸುಗಳೂ ಇವೆ. ಅವುಗಳ ಬೆಲೆ ಕ್ಯಾಮೆರಾದ ಬೆಲೆಯನ್ನು ಮೀರುತ್ತದೆ, ತೂಕ ನಿಮ್ಮ ಕೈಯನ್ನು.

ಇನ್ನೊಂದು ತೊಂದರೆಯನ್ನು ಅಂಗಡಿಯವರು ಹೇಳುವುದಿಲ್ಲ. ದೊಡ್ಡ ಸೆನ್ಸರಿನಲ್ಲಿ ಫೋಕಸು ತೆಳ್ಳಗಿರುತ್ತದೆ. ಹಿನ್ನೆಲೆ ಮಸುಕಾಗಿ ಮುಖ ಎದ್ದು ಕಾಣುವ ಆ ಸೊಗಸು ಅದರಿಂದಲೇ ಬರುವುದು. ಆದರೆ ಕುಣಿಯುವ ಮಗು ಎರಡು ಹೆಜ್ಜೆ ಮುಂದೆ ಬಂದರೆ ಫೋಕಸು ಅವಳ ಹಿಂದೆ ಓಡಬೇಕು. ಈಗಿನ ಕ್ಯಾಮೆರಾಗಳು ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತವೆ, ನಿಜ. ಹತ್ತು ಮಕ್ಕಳು ಒಂದೇ ವೇಷದಲ್ಲಿ ಒಬ್ಬರ ಮುಂದೆ ಒಬ್ಬರು ಹಾದುಹೋಗುವಾಗ ಅವು ಯಾರ ಕಣ್ಣನ್ನು ಹಿಡಿಯುತ್ತವೆ ಎನ್ನುವುದಕ್ಕೆ ಖಾತ್ರಿ ಇಲ್ಲ. ಚಿಕ್ಕ ಸೆನ್ಸರಿನ ಕ್ಯಾಮ್‌ಕಾರ್ಡರಿನಲ್ಲಿ ಈ ಪಾಡು ಬಹಳ ಕಡಿಮೆ, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಹೆಚ್ಚುಕಡಿಮೆ ಎಲ್ಲವೂ ನಿಚ್ಚಳ. ಸಿನಿಮಾ ತೆಗೆಯುವವರಿಗೆ ಇದು ಕೊರತೆ, ತಾಯಿಗೆ ಇದು ವರ.

ಫೋಟೊಗ್ರಫಿ ಕಲಿಯುವ ಆಸೆ ನಿಮಗಿದ್ದಿದ್ದರೆ ನಾನೂ ಭಾವನವರ ಪಕ್ಷವನ್ನೇ ಹಿಡಿಯುತ್ತಿದ್ದೆ. ನೀವೇ ಬರೆದಿದ್ದೀರಿ, ಪುರುಸೊತ್ತಿಲ್ಲ ಅಂತ. ಕಪಾಟಿನಲ್ಲಿ ಮಲಗುವ ಕ್ಯಾಮೆರಾಗಳಲ್ಲಿ ಇವುಗಳದ್ದೇ ಮೇಲುಗೈ.

ಹಾಗಾದರೆ ಉಳಿದದ್ದು

ಒಂದು, ಹೆಸರಿರುವ ತಯಾರಕರ ಸಾಂಪ್ರದಾಯಿಕ ಕ್ಯಾಮ್‌ಕಾರ್ಡರ್. ಇಪ್ಪತ್ತು ಪಟ್ಟಿನ ಆಸುಪಾಸಿನ ಆಪ್ಟಿಕಲ್ ಜೂಮು, ಲೆನ್ಸಿನೊಳಗೇ ನಡುಕ ತಡೆಯುವ ವ್ಯವಸ್ಥೆ, ಒಂದೇ ಕೈಯಲ್ಲಿ ಹಿಡಿಯುವ ಆಕಾರ. ಕೈಪಟ್ಟಿಯೊಳಗೆ ನಾಲ್ಕು ಬೆರಳು ತೂರಿಸಿದರೆ ಹೆಬ್ಬೆರಳು ತಾನಾಗಿ ರೆಕಾರ್ಡ್ ಗುಂಡಿಯ ಮೇಲೆ, ತೋರುಬೆರಳು ಜೂಮಿನ ಮೇಲೆ ಕೂರುತ್ತದೆ. 1980ರ ದಶಕದಿಂದ ಜನ ಕೈಯಲ್ಲಿ ಹಿಡಿದು ಹಿಡಿದು ತಿದ್ದಿದ ವಿನ್ಯಾಸ ಅದು. ಗಂಟೆಗಟ್ಟಲೆ ಬಿಸಿಯಾಗದೆ ಓಡುತ್ತದೆ. ಕ್ಯಾಮ್‌ಕಾರ್ಡರಿನ ಕಾಲ ಮುಗಿಯಿತು ಎನ್ನುವುದು ಅರ್ಧ ಸತ್ಯ: ಮಾರುಕಟ್ಟೆ ಮುಗಿಯುತ್ತಾ ಬಂದಿದೆ, ಉಪಯೋಗ ಮುಗಿದಿಲ್ಲ. ಅಪಾಯ ಇರುವುದೂ ಅಲ್ಲೇ. ಮಾದರಿಗಳು ಕಡಿಮೆಯಾಗುತ್ತಿವೆ, ಹೊಸವು ಬರುವುದು ಅಪರೂಪ, ಐದಾರು ವರ್ಷದ ಮೇಲೆ ಬಿಡಿಭಾಗ ಸಿಗುತ್ತದೆ ಎನ್ನುವ ಭರವಸೆ ಯಾರೂ ಕೊಡಲಾರರು. ಮನೆಯಲ್ಲಿ ಸಂಜೆ ಒಂದೇ ದೀಪದ ಕೆಳಗೆ ತೆಗೆದರೆ ಚಿತ್ರ ನಿಮ್ಮ ಫೋನಿನದಕ್ಕಿಂತ ಸಪ್ಪೆ ಎನಿಸಬಹುದು.

ಎರಡು, ಲೆನ್ಸು ಬಿಚ್ಚಲಾಗದ, ದೊಡ್ಡ ಜೂಮಿನ ಬ್ರಿಡ್ಜ್ ಕ್ಯಾಮೆರಾ, ಅದರಲ್ಲೂ 1 ಇಂಚಿನ ಸೆನ್ಸರಿನದು. ಸೋನಿ, ಪ್ಯಾನಾಸೋನಿಕ್ ಇಂಥವನ್ನು ಮಾಡಿವೆ. ಅಂದ ಹಾಗೆ, ಈ 1 ಇಂಚಿನ ಸೆನ್ಸರಿನಲ್ಲಿ ಇಂಚು ಎಲ್ಲೂ ಇಲ್ಲ. ಅದರ ಅಳತೆ 13.2 × 8.8 ಮಿಲಿಮೀಟರ್. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ವ್ಯಾಸದ ಲೆಕ್ಕ ಹೆಸರಾಗಿ ಉಳಿದುಕೊಂಡಿದೆ, ಅಷ್ಟೇ. ಆದರೂ 1/2.5 ಇಂಚಿನದಕ್ಕಿಂತ ನಾಲ್ಕೂವರೆ ಪಟ್ಟು ದೊಡ್ಡದು. 16ರಿಂದ 25 ಪಟ್ಟು ಜೂಮು ಸಿಗುತ್ತದೆ, ತುದಿಯಲ್ಲೂ ಎಫ್ 4 ಉಳಿಸಿಕೊಳ್ಳುವವು ಇವೆ, ಫೋಟೊ ಕೂಡ ಚೆನ್ನಾಗಿ ಬರುತ್ತದೆ. ವೇದಿಕೆಗೂ ಮನೆಗೂ ಒಂದೇ ಯಂತ್ರ ಬೇಕೆಂದರೆ ನನ್ನ ಮತ ಇದಕ್ಕೆ. ತೂಕ ಒಂದು ಕಿಲೋದ ಹತ್ತಿರ, ದೊಡ್ಡ ಜೂಮಿನವು ಅದಕ್ಕೂ ಮೇಲೆ.

ಇದರಲ್ಲಿ ಒಂದು ಗುಪ್ತ ಮುಳ್ಳಿದೆ. ಇಂಥ ಕ್ಯಾಮೆರಾಗಳಲ್ಲೂ ಹಳೆಯ ಮಿರರ್‌ಲೆಸ್‌ಗಳಲ್ಲೂ ಹಲವು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಕೆಟ್ಟಿತು ಎಂದುಕೊಂಡು ರಿಪೇರಿಗೆ ತಂದವರಿದ್ದಾರೆ. ಕೆಟ್ಟಿರುವುದಿಲ್ಲ. ಯುರೋಪಿಯನ್ ಒಕ್ಕೂಟದ ಸುಂಕದ ನಿಯಮದಲ್ಲಿ ಸತತ 30 ನಿಮಿಷ ರೆಕಾರ್ಡ್ ಮಾಡಬಲ್ಲ ಯಂತ್ರವನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಒಂದು ಸೆಕೆಂಡು ಮೊದಲೇ ನಿಲ್ಲಿಸಿ ತಯಾರಕರು ಅದನ್ನು ತಪ್ಪಿಸಿಕೊಂಡರು. ಎಲ್ಲಿಯದೋ ಸುಂಕ, ಯಾವುದೋ ಸಭಾಂಗಣದಲ್ಲಿ ಮಗಳ ಕೊನೆಯ ನೃತ್ಯ ನುಂಗುತ್ತದೆ. ಹೊಸ ಮಾದರಿಗಳಲ್ಲಿ ಈ ಮಿತಿ ಇಲ್ಲದಿರುವುದುಂಟು, ಕೇಳಿ ತಿಳಿದುಕೊಳ್ಳಿ. ಮಿತಿ ಇದ್ದರೆ ಎರಡು ನೃತ್ಯಗಳ ನಡುವೆ ನೀವೇ ಒಮ್ಮೆ ನಿಲ್ಲಿಸಿ ಮತ್ತೆ ಒತ್ತಿದರಾಯಿತು, ಎಣಿಕೆ ಮೊದಲಿಂದ ಶುರು.

ಆಕ್ಷನ್ ಕ್ಯಾಮೆರಾ, ಕೈ ಅಲುಗಿದರೂ ಚಿತ್ರ ಅಲುಗದ ಹಾಗೆ ಹಿಡಿದಿಡುವ ಜೇಬಿನ ಗಿಂಬಲ್ ಕ್ಯಾಮೆರಾಗಳ ಬಗ್ಗೆ ನೀವು ಕೇಳಿಲ್ಲ. ಮಗು ಓಡುವಾಗ ಹಿಂದೆ ಓಡಿ ತೆಗೆಯಲು ಚೆನ್ನ, ಹಿಂದಿನ ಸಾಲಿಗೆ ಪ್ರಯೋಜನವಿಲ್ಲ.

ಮೂರನೆಯ ದಾರಿಯೂ ಒಂದಿದೆ: ಕೊಳ್ಳದೇ ಇರುವುದು. ವರ್ಷಕ್ಕೆ ಮೂರು ನಾಲ್ಕು ದಿನದ ಕೆಲಸಕ್ಕೆ ಒಳ್ಳೆಯ ಕ್ಯಾಮ್‌ಕಾರ್ಡರು ಬಾಡಿಗೆಗೆ ಸಿಕ್ಕರೆ ಲೆಕ್ಕ ಅದರ ಕಡೆಗೇ ವಾಲುತ್ತದೆ. ಅಪಾಯವೆಂದರೆ ಪರಿಚಯವಿಲ್ಲದ ಯಂತ್ರ. ಹಿಂದಿನ ದಿನವೇ ತಂದು ಮನೆಯಲ್ಲಿ ಅರ್ಧ ಗಂಟೆ ಆಡಿಸಿ.

ಅತ್ತೆಯವರ ದನಿ

ಈಗ ನನಗೆ ಹೆಚ್ಚು ಮುಖ್ಯವೆನಿಸುವ ಭಾಗಕ್ಕೆ ಬರುತ್ತೇನೆ.

ಹೋದ ವರ್ಷ ಒಬ್ಬ ಹೆಣ್ಣುಮಗಳು ಒಂದು 8 ಮಿಲಿಮೀಟರ್ ಟೇಪು ತಂದರು. ಶಿಲೀಂಧ್ರ ಹಿಡಿದಿತ್ತು, ಒರೆಸಿ ಓಡಿಸಿದೆ. ಹೆಚ್ಚಿನ ಭಾಗ ಹಾಳು. ಒಂದು ಕಡೆ ಮಾತ್ರ ಹತ್ತು ಹದಿನೈದು ಸೆಕೆಂಡು ಸರಿಯಾಗಿ ಬಂತು. ಅಲ್ಲಿ ಕಾಣುತ್ತಿದ್ದದ್ದು ಕಿಟಕಿಯ ಪರದೆ, ಅದೂ ಓಲಾಡುತ್ತಾ. ಕ್ಯಾಮೆರಾ ಹಿಡಿದವರು ನಿಲ್ಲಿಸುವುದನ್ನು ಮರೆತಿದ್ದರು. ಹಿಂದಿನಿಂದ ಒಂದು ಗಂಡಸಿನ ದನಿ: "ಪುಟ್ಟೀ, ಚಪ್ಪಲಿ ಹಾಕ್ಕೊಂಡ್ಯಾ?" ಆಕೆ ಅದನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಲು ಹೇಳಿದರು. ಅಪ್ಪನ ದನಿಯಂತೆ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇದ್ದುದರಿಂದ ಚಿತ್ರದಲ್ಲಿ ಅವರು ಎಲ್ಲೂ ಇರಲಿಲ್ಲ. ಈ ಕೆಲಸ ಶುರು ಮಾಡಿದ ಮೇಲೆ ಚಿತ್ರ ಮಸುಕು ಎಂದು ಬೇಸರಪಟ್ಟವರು ನನಗೆ ಕಡಿಮೆ ಸಿಕ್ಕಿದ್ದಾರೆ. "ಏನು ಹೇಳ್ತಿದ್ದಾರೆ ಕೇಳಿಸ್ತಾ ಇಲ್ಲ, ಜೋರು ಮಾಡಿ" ಎಂದವರು ಬಹಳ.

ಜೋರು ಮಾಡಿದರೆ ಫ್ಯಾನೂ ಜೋರಾಗುತ್ತದೆ. ಮೈಕಿಗೆ ಯಾವುದು ಮಾತು, ಯಾವುದು ಸದ್ದು ಎನ್ನುವ ಭೇದವಿಲ್ಲ, ಹತ್ತಿರದ್ದು ಅದಕ್ಕೆ ಜೋರು. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರ್ ಆಚೆ ಸ್ಟ್ಯಾಂಡಿನ ಮೇಲಿರುವ ಫೋನಿಗೂ, ಅತ್ತೆಯವರ ಗದ್ದದಿಂದ ಒಂದು ಗೇಣು ಕೆಳಗೆ ಬಟ್ಟೆಗೆ ಸಿಕ್ಕಿಸಿದ ಮೈಕಿಗೂ ಇರುವ ವ್ಯತ್ಯಾಸ ಸುಮಾರು 20 ಡೆಸಿಬೆಲ್. ಯಾವ ಕ್ಯಾಮೆರಾ ಬದಲಿಸಿದರೂ ಇಷ್ಟು ವ್ಯತ್ಯಾಸ ಸಿಗುವುದಿಲ್ಲ. ಆದ್ದರಿಂದ ಅತ್ತೆಯವರ ಕೆಲಸಕ್ಕೆ ನಿಮ್ಮ ಯಜಮಾನರ ಮಾತೇ ಸರಿ: ಫೋನು ಸಾಕು. ಜೊತೆಗೆ ಫೋನಿಗೆ ಹೊಂದುವ ಒಂದು ಕ್ಲಿಪ್ ಮೈಕು, ವೈರಿನದಾದರೂ ಸರಿ, ವೈರ್‌ಲೆಸ್ಸಾದರೂ ಸರಿ. ಕೊಳ್ಳುವಾಗ ಫೋನಿನ ಕಿಂಡಿ ಯಾವುದೆಂದು ನೋಡಿಕೊಳ್ಳಿ. ಕಿಂಡಿಗೆ ಹಿಡಿಸಿದ ಮಾತ್ರಕ್ಕೆ ಎಲ್ಲ ಮೈಕೂ ಎಲ್ಲ ಫೋನಿನಲ್ಲಿ ಕೆಲಸ ಮಾಡುವುದಿಲ್ಲ.

ಫ್ಯಾನು ನಿಲ್ಲಿಸಿ. ಕಿಟಕಿಯ ಬೆಳಕು ಅವರ ಮುಖದ ಮೇಲೆ ಬೀಳುವಂತೆ ಕೂರಿಸಿ, ಬೆನ್ನಿಗೆ ಕಿಟಕಿ ಬೇಡ. ಮೈಕಿನ ಮೇಲೆ ಸೆರಗು ಉಜ್ಜದ ಹಾಗೆ ಸಿಕ್ಕಿಸಿ. ಎರಡು ನಿಮಿಷ ತೆಗೆದು, ಇಯರ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಮುಂದುವರಿಸಿ.

ಆ ಎರಡು ನಿಮಿಷ ಯಾಕೆ ಅಂದರೆ, ನಾನೇ ಒಮ್ಮೆ ಮಾಡಿದ ಎಡವಟ್ಟು ಇದೆ. ನಮ್ಮ ಸೋದರಮಾವ ತಮ್ಮ ಬಾಲ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ಅಷ್ಟು ಅವರು ಅದಕ್ಕೆ ಮುಂಚೆ ಮಾತಾಡಿದ್ದೇ ಇಲ್ಲ. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಮೈಕು. ಮೈಕಿಗೆ ಅದರದೇ ಒಂದು ಪುಟ್ಟ ಬ್ಯಾಟರಿ, ಬದಿಯಲ್ಲಿ ಅದರದೇ ಒಂದು ಸ್ವಿಚ್ಚು. ಮೈಕಿನ ಪಿನ್ನು ಚುಚ್ಚಿದ ಕೂಡಲೇ ಕ್ಯಾಮೆರಾ ತನ್ನ ಸ್ವಂತ ಮೈಕನ್ನು ಬಂದ್ ಮಾಡುತ್ತದೆ. ಸ್ವಿಚ್ಚು ಆಫ್ ಇತ್ತು. ಮುಕ್ಕಾಲು ಗಂಟೆ ಮಾವ ಕೈ ಆಡಿಸುತ್ತಾ, ನಗುತ್ತಾ, ಒಂದು ಕಡೆ ಕಣ್ಣೊರೆಸಿಕೊಳ್ಳುತ್ತಾ ಕೂತಿರುವ ಮೂಕಿ ಚಿತ್ರ ನನ್ನ ಹತ್ತಿರ ಈಗಲೂ ಇದೆ. ವೃತ್ತಿಯವನ ಕತೆ ಇದು.

ಮಗಳ ನೃತ್ಯದ ಸಂಗೀತಕ್ಕೂ ಇದೇ ತತ್ತ್ವ. ಹಿಂದಿನ ಸಾಲಿನಲ್ಲಿ ಕ್ಯಾಮೆರಾಕ್ಕೆ ಕೇಳುವುದು ಗೋಡೆಗಳ ಪ್ರತಿಧ್ವನಿ ಮತ್ತು ಪಕ್ಕದವರ ಪಿಸುಮಾತು. ಕ್ಯಾಮೆರಾ ನಿಮ್ಮ ಕೈಯಲ್ಲಿದ್ದರೆ ಫೋನು ಖಾಲಿ ಇರುತ್ತದಲ್ಲ, ಅದನ್ನು ರೆಕಾರ್ಡರ್ ಮಾಡಿ ಮುಂದಿನ ಸಾಲಿನಲ್ಲಿ ಕೂತ ಪರಿಚಯದವರ ಕೈಗೆ ಕೊಡಿ. ಏರೋಪ್ಲೇನ್ ಮೋಡಿಗೆ ಹಾಕಿ ಕೊಡಿ, ನಡುವೆ ಕರೆ ಬಂದರೆ ಎಲ್ಲ ಕೆಟ್ಟಿತು. ಮನೆಗೆ ಬಂದ ಮೇಲೆ ಎರಡನ್ನೂ ಜೋಡಿಸುವುದು ಸಾಮಾನ್ಯ ಎಡಿಟಿಂಗ್ ಆ್ಯಪಿನಲ್ಲೂ ಆಗುತ್ತದೆ.

ಕೊಂಡ ಮೇಲಿನ ಖರ್ಚು

ಹತ್ತು, ಹದಿನೈದು ಪಟ್ಟು ಜೂಮಿನಲ್ಲಿ ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ನಡುಕ ತಡೆಯುವ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ನಾಲ್ಕು ನಿಮಿಷದ ನೃತ್ಯಕ್ಕೆ ಕೈ ಸೋಲುತ್ತದೆ. ಟ್ರೈಪಾಡ್ ಬೇಕು, ಜಾಗವಿಲ್ಲದಿದ್ದರೆ ಒಂಟಿಕಾಲಿನ ಮೋನೊಪಾಡ್. ಕೂತಲ್ಲೇ ಕಾಲ ಸಂದಿಯಲ್ಲಿ ಊರಿಕೊಳ್ಳಬಹುದು, ಹಿಂದಿನವರು ಗೊಣಗುವುದಿಲ್ಲ.

ಮೆಮೊರಿ ಕಾರ್ಡಿನ ಮೇಲೆ ವಿ30 ಎಂದು ಬರೆದಿರಲಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತಲೇ ಇರಬಲ್ಲದು ಎಂದು ಅದರ ಅರ್ಥ. ಪಕ್ಕದಲ್ಲಿ ದೊಡ್ಡದಾಗಿ ಬರೆದಿರುವ 150, 200 ಎಲ್ಲ ಓದುವ ವೇಗ, ನಿಮಗೆ ಸಂಬಂಧವಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ಟಿನ 4ಕೆ ತೆಗೆದರೆ ಗಂಟೆಗೆ 45 ಜಿಬಿ ಹೋಗುತ್ತದೆ. 28 ಮೆಗಾಬಿಟ್ಟಿನ ಫುಲ್ ಎಚ್‌ಡಿಗೆ 12.6 ಜಿಬಿ. ಯಾವುದನ್ನು ಆರಿಸುತ್ತೀರಿ ಎನ್ನುವುದರ ಮೇಲೆ ನಿಮ್ಮ ಹಾರ್ಡ್ ಡಿಸ್ಕಿನ ಖರ್ಚು ನಿಂತಿದೆ. ನನ್ನನ್ನು ಕೇಳಿದರೆ ವೇದಿಕೆಯದ್ದು 4ಕೆ, ಮನೆಯ ಮಾತುಕತೆ ಫುಲ್ ಎಚ್‌ಡಿ. ಹೊಸ ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ ಓಡಿಸಿ ನೋಡಿ, ಗಾತ್ರದ ಸುಳ್ಳು ಬರೆದ ನಕಲಿ ಕಾರ್ಡುಗಳು ಅರ್ಧಕ್ಕೇ ಬಾಯಿ ಬಿಡುತ್ತವೆ.

ದೀಪದ ಕೆಳಗೆ ವಿಡಿಯೊ ಮಿಣಮಿಣ ಎಂದರೆ ಅದು ಕರೆಂಟಿನ ಲಯಕ್ಕೂ ಕ್ಯಾಮೆರಾದ ಲಯಕ್ಕೂ ಹೊಂದದೆ ಆಗುವುದು. 50 ಹರ್ಟ್ಸ್ ವಿದ್ಯುತ್ತಿರುವ ದೇಶಗಳಲ್ಲಿ ಸೆಕೆಂಡಿಗೆ 25 ಅಥವಾ 50 ಫ್ರೇಮಿಗೆ, 60 ಹರ್ಟ್ಸ್ ಇರುವಲ್ಲಿ 30 ಅಥವಾ 60ಕ್ಕೆ ಇಡಿ. ಟೇಪಿನ ಕಾಲ ಹೋಗಿ ಎಷ್ಟೋ ವರ್ಷವಾದರೂ ಮೆನುವಿನಲ್ಲಿ ಇದನ್ನು ಇಂದಿಗೂ ಪಾಲ್, ಎನ್‌ಟಿಎಸ್‌ಸಿ ಎಂದು ಬರೆದಿರುತ್ತಾರೆ: ಪಾಲ್ ಎಂದರೆ 50ರದು, ಇನ್ನೊಂದು 60ರದು.

ಹತ್ತು ವರ್ಷ ಬಾಳಬೇಕು ಅಂದಿರಿ. ಯಂತ್ರ ಬಾಳಬಹುದು, ಬ್ಯಾಟರಿ ಬಾಳುವುದಿಲ್ಲ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುದಿಯಾಗುತ್ತದೆ. ಕ್ಯಾಮೆರಾ ಜೊತೆಗೇ ಅದೇ ತಯಾರಕರ ಇನ್ನೊಂದು ಬ್ಯಾಟರಿ ತೆಗೆದುಕೊಳ್ಳಿ, ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿಡಿ. ಯುಎಸ್‌ಬಿ ಕೇಬಲ್ಲಿನಿಂದ ಚಾರ್ಜ್ ಆಗುವ ಮಾದರಿಯಾದರೆ ಇನ್ನೂ ಒಳ್ಳೆಯದು, ಚಾರ್ಜರು ಕಳೆದುಹೋದರೆ ಅಳಬೇಕಿಲ್ಲ. ಇನ್ನು ತೆಗೆದ ವಿಡಿಯೊ ಮೂರು ಕಡೆ ಇರಲಿ, ಅದರಲ್ಲಿ ಒಂದು ನಿಮ್ಮ ಮನೆಯ ಹೊರಗೆ. 8 ಮಿಲಿಮೀಟರ್ ಟೇಪು ಬಂದದ್ದು 1980ರ ದಶಕದ ಮಧ್ಯದಲ್ಲಿ, ಅದರ ನಂತರದ ಮಿನಿ ಡಿವಿ ಟೇಪು 1995ರಲ್ಲಿ. ಇವತ್ತು ಎಷ್ಟೋ ಟೇಪು ಚೆನ್ನಾಗಿಯೇ ಇವೆ, ಓಡಿಸುವ ಯಂತ್ರವೇ ಇಲ್ಲ. ಫೈಲಿಗೂ ಆ ಗತಿ ಬರಬಾರದೆಂದರೆ ಎಲ್ಲ ಕಡೆ ತೆರೆದುಕೊಳ್ಳುವ ಎಂಪಿ4 ರೂಪದಲ್ಲಿಡಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸಿ.

ಕೊಳ್ಳುವ ದಿನ ಪೆಟ್ಟಿಗೆ ನೋಡಿ ಬರಬೇಡಿ, ಕ್ಯಾಮೆರಾ ಕೈಗೆ ತೆಗೆದುಕೊಂಡು ಮೂರು ಕೆಲಸ ಮಾಡಿ. ಕೋಣೆಯ ಕತ್ತಲೆ ಮೂಲೆಗೆ ತಿರುಗಿಸಿ ಪೂರ್ತಿ ಜೂಮ್ ಮಾಡಿ: ಫೋಕಸು ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು, ಒಳಗೂ ಹೊರಗೂ ಉಸಿರಾಡುತ್ತಾ ಕೂತರೆ ವಾಪಸ್ ಕೊಡಿ. ಬೆಳಕಿನ ಬಾಗಿಲಿನಿಂದ ನಿಧಾನವಾಗಿ ಒಬ್ಬರ ಮುಖಕ್ಕೆ ತಿರುಗಿಸಿ, ಮುಖ ಎಷ್ಟು ಬೇಗ ಸರಿಹೋಗುತ್ತದೆ ನೋಡಿ. ಆಮೇಲೆ ಮೈಕಿನ ಕಿಂಡಿ ಇದೆಯೇ ಎಂದು ಬದಿಯ ಮುಚ್ಚಳ ತೆರೆದು ನೋಡಿ. ಕಿಂಡಿ ಇಲ್ಲದ್ದನ್ನು ಎಷ್ಟೇ ಚೆನ್ನಾಗಿದ್ದರೂ ನಾನು ತೆಗೆದುಕೊಳ್ಳುವುದಿಲ್ಲ.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಹಿಡಿಯಲಿ. ಮಗಳ ಮುಂದಿನ ಕಾರ್ಯಕ್ರಮದವರೆಗೆ ಕ್ಯಾಮೆರಾ ಕಾಯಬಹುದು. ಅತ್ತೆಯವರ ಕೆಲಸ ಮಾತ್ರ ಈ ವಾರವೇ ಶುರು ಮಾಡಿ, ಅದಕ್ಕೆ ಬೇಕಾದ್ದು ಮೈಕೊಂದೇ. ವೈರ್‌ಲೆಸ್ ಮೈಕುಗಳಲ್ಲಿ ಎರಡು ಕ್ಲಿಪ್ಪಿನ ಜೋಡಿ ಸಿಗುತ್ತದೆ, ಅಂಥದ್ದನ್ನೇ ನೋಡಿ. ಒಂದನ್ನು ಅತ್ತೆಯವರಿಗೆ ಸಿಕ್ಕಿಸಿ, ಇನ್ನೊಂದನ್ನು ಮಗಳಿಗೆ. ಪ್ರಶ್ನೆ ಅವಳೇ ಕೇಳಲಿ. ದೊಡ್ಡವರು ಕ್ಯಾಮೆರಾ ಮುಂದೆ ಬಿಗಿಯಾಗಿ ಕೂರುವುದು ನಾವು ಕೇಳಿದಾಗ, ಮೊಮ್ಮಕ್ಕಳು "ಆಮೇಲೆ?" ಎಂದಾಗ ಕ್ಯಾಮೆರಾ ಇದೆಯೆನ್ನುವುದನ್ನೇ ಮರೆಯುತ್ತಾರೆ.